ನಾಖುದಾ ಶಂಬೆ ಬಿಚ್ಚದ ಪೆಟ್ಟಿಗೆ

ಲಾಫ್ತ್, ಕೆಶ್ಮ್ ದ್ವೀಪ
ಮೇ ೧೨

ಪ್ರೀತಿಯ ಮೆಹ್ತಾಬ್,

ಹೋರ್ಮುಜ್ ಜಲಸಂಧಿಯನ್ನು ಮುಚ್ಚಬೇಕೋ ತೆರೆದೇ ಇಡಬೇಕೋ ಎಂದು ಕೇಳಿಕೊಂಡು ಹೋಗಲು ಮೊನ್ನೆ ಮೂರು ದೇಶದ ಮಂತ್ರಿಗಳು ನಮ್ಮ ಮನೆಗೆ ಬಂದಿದ್ದರು. ನಾನು ಜಗಲಿಯ ಮೇಲೆ ಹಗ್ಗ ಹೊಸೆಯುತ್ತಿದ್ದೆ. "ಕೂತ್ಕೊಳ್ಳಿ, ಚಹಾ ಕುಡೀರಿ, ಯೋಚನೆ ಮಾಡಿ ಹೇಳ್ತೀನಿ" ಅಂದೆ. ನಿನ್ನ ಕಾಕಿ ಸಕ್ಕರೆ ಅಚ್ಚು ಕಡಿಮೆ ಇಟ್ಟಿದ್ದಳೋ ಏನೋ, ಅರ್ಧ ಲೋಟ ಬಿಟ್ಟು ಎದ್ದು ಹೋದರು. ಹಾಗಾಗಿ ಜಲಸಂಧಿ ಸದ್ಯಕ್ಕೆ ತೆರೆದೇ ಇದೆ. ನೀನು ದುಬೈಯಲ್ಲಿ ನಿಶ್ಚಿಂತೆಯಿಂದ ನಿದ್ದೆ ಮಾಡು.

ಫೋನ್ ಮಾಡಿ ಕಾಕಾ ಎನ್ನುತ್ತೀಯ. ಫೋನಿನಲ್ಲಿ ನಾನು ಕಥೆಗೆ ಪೀಠಿಕೆ ಹಾಕುವಷ್ಟರಲ್ಲಿ "ಅರ್ಬಾಬ್ ಕರೀತಿದ್ದಾರೆ" ಎಂದು ಅಂಗಡಿ ಧಣಿಯ ನೆಪ ಹೇಳಿ ಇಟ್ಟುಬಿಡುತ್ತೀಯ. ಕಾಗದಕ್ಕೆ ಆ ದುರಭ್ಯಾಸ ಇಲ್ಲ. ಅದೂ ಅಲ್ಲದೆ ಜಾಸೆಮ್ ಇದ್ದಾನಲ್ಲ, ಪಕ್ಕದ ಲೆಂಜಿನ ಅಡುಗೆಯವನು, ಆ ಮರದ ಹಡಗಿನ ಜೊತೆ ಹೇಗೂ ದುಬೈಗೆ ಬಂದೇ ಬರುತ್ತಾನೆ. ಅವನ ಹೊಟ್ಟೆಗೆ ನಿನ್ನ ಕೈಯಿಂದ ಒಂದು ತಟ್ಟೆ ಅನ್ನ ಬಿದ್ದರೆ ಕಾಗದ ಒದ್ದೆಯಾಗದೆ ತಲುಪುತ್ತದೆ.

ಇನ್ನು ವ್ಯಾಪಾರದ ಸುದ್ದಿ. ಬಂದರ್ ಅಬ್ಬಾಸಿಗೆ ಬರುತ್ತಿದ್ದ ಕಬ್ಬಿಣದ ಹಡಗುಗಳು ಒಂದೊಂದಾಗಿ ಬೆನ್ನು ತಿರುಗಿಸಿವೆ. ನಿರ್ಬಂಧವಂತೆ. ಇರಾನಿನ ಬಂದರು ಮುಟ್ಟಿದ ಹಡಗಿಗೆ ವಿಮೆ ಇಲ್ಲ ಎಂದು ದೂರದಲ್ಲಿ ಯಾರೋ ಕೋಟು ತೊಟ್ಟು ಕೂತು ಹೇಳಿದರಂತೆ. ಊರಿನಷ್ಟು ಉದ್ದದ ಹಡಗು, ಒಂದು ಹಾಳೆ ಕಾಗದ ಸಿಗಲಿಲ್ಲ ಅಂದ ಕೂಡಲೇ ಕೈಕಾಲು ಬಿಟ್ಟುಬಿಟ್ಟಿತು. ನಮ್ಮ ಲೆಂಜ್ ನಸೀಬ್‌ಗೆ ಯಾವ ಕಾಲದಲ್ಲಿ ವಿಮೆ ಇತ್ತು? ನಿಮ್ಮಪ್ಪನೂ ನಾನೂ ಲೆಂಜ್ ಕಟ್ಟುವ ಗೂರಾನಿನ ಕೆಸರಿನಲ್ಲಿ ನಿಂತು ಅದರ ಹಲಗೆ ಹಲಗೆಯ ಸಂದಿಗೆ ಹತ್ತಿ ತುರುಕಿ ಮೀನೆಣ್ಣೆ ಬಳಿದೆವಲ್ಲ, ಅದೇ ವಿಮೆ.

ಈಗ ಅಕ್ಕಿಯವನು, ಟೈರಿನವನು, ಫ್ರಿಜ್ಜಿನವನು, ಎಲ್ಲರೂ ಮರದ ಲೆಂಜಿನವರ ಬಾಗಿಲಿಗೇ. ಹೋದ ವರ್ಷ ನನ್ನನ್ನು ಕಂಡರೆ ಅಂಗಡಿಯ ಒಳಗೆ ಸರಿದುಬಿಡುತ್ತಿದ್ದ ಹಾಜಿ ಈಗ ಬೀದಿಯಲ್ಲೇ ಎದ್ದು ನಿಂತು "ಕ್ಯಾಪ್ಟನ್" ಎನ್ನುತ್ತಾನೆ. ನಾನು ಕಿವಿ ಕೇಳದವನಂತೆ ಎರಡು ಸಲ ಕರೆಸಿಕೊಳ್ಳುತ್ತೇನೆ.

ಒಂದು ಸಣ್ಣ ಮಾತು. ನಿಮ್ಮ ಅಂಗಡಿಯಲ್ಲಿ ಆರು ಸಿಲಿಂಡರಿನ ಇಂಜಿನ್ನಿಗೆ ಡೀಸೆಲ್ ಪಂಪು ಎಷ್ಟು? ನನಗಲ್ಲ. ರಾಶೆದ್ ಕೇಳಿದ.

ಕಾಕಿ ಒಂದು ಸೀಸೆ ಮಹ್ಯಾವೆ ಕಳಿಸಿದ್ದಾಳೆ. ಮುಚ್ಚಳ ತೆಗೆಯುವ ಮುನ್ನ ಅಕ್ಕಪಕ್ಕದವರಿಗೆ ಹೇಳಿಬಿಡು. ಆ ಮೀನಿನ ವಾಸನೆಗೆ ಪೊಲೀಸರು ಬಂದಾರು.

ಏಳು ಕಡಲಲ್ಲಿ ಲೆಂಜ್ ನಡೆಸಿದ ನಾಖುದಾ, ಜಲಸಂಧಿಯ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡಿರುವ,
ನಿನ್ನ ಕಾಕಾ ಶಂಬೆ


ದೇರಾ, ದುಬೈ
ಜೂನ್ ೬

ಪ್ರೀತಿಯ ಕಾಕಾ,

ಮಂತ್ರಿಗಳು ಅರ್ಧ ಲೋಟ ಬಿಟ್ಟಿದ್ದಕ್ಕೆ ಕಾಕಿಯ ಸಕ್ಕರೆ ಕಾರಣವಲ್ಲ, ನಿಮ್ಮ ಮಾತು ಕಾರಣ. ಬಡಪಾಯಿಗಳು ಎಷ್ಟು ಹೊತ್ತು ಕೂತಿದ್ದರೋ.

ಮಹ್ಯಾವೆ ಸೀಸೆ ತೆಗೆದ ದಿನ ಮೇಲಿನ ಮನೆಯ ಫಿಲಿಪೀನಿ ನರ್ಸ್ ಬಂದು ಬಾಗಿಲು ತಟ್ಟಿದಳು. ಬೈಯಲು ಬಂದಳೆಂದುಕೊಂಡೆ. "ನಮ್ಮೂರಿನ ವಾಸನೆ ಬಂತು" ಎಂದು ಕಣ್ಣೊರೆಸಿಕೊಂಡು ರೊಟ್ಟಿಗೆ ಹಚ್ಚಿಕೊಂಡು ತಿಂದಳು. ಈಗ ಸೀಸೆಯಲ್ಲಿ ಕಾಲು ಭಾಗ ಉಳಿದಿದೆ. ಕಾಕಿಗೆ ಹೇಳಿ.

ಪಂಪು ಒಂಬತ್ತು ಸಾವಿರ ದಿರ್ಹಮ್. ಆದರೆ ಬೆಲೆ ಹೇಳಿ ಉಪಯೋಗವಿಲ್ಲ. ಇಂಜಿನ್ ಮಾಡುವ ಕಂಪನಿಯವರು ಹೊಸ ಕಾಗದ ಕಳಿಸಿದ್ದಾರೆ. ಯಾವ ದೋಣಿಗೆ, ಯಾವ ಬಂದರು, ಒಡೆಯ ಯಾರು ಎಂದು ಬರೆಯಬೇಕು. ಕೆಳಗೆ, "ಈ ವಸ್ತು ಇರಾನಿಗೆ ಹೋಗುವುದಿಲ್ಲವೆಂದು ವಿಚಾರಿಸಿ ಖಚಿತಪಡಿಸಿಕೊಂಡಿದ್ದೇನೆ" ಎಂದು ಮಾರಿದವರು ರುಜು ಹಾಕಬೇಕು. ಬಿಡಿಭಾಗ ಮಾರುವ ಕೌಂಟರಿನಲ್ಲಿ ಕೂತಿರುವವಳು ನಾನು. ಹಾಗಾಗಿ ರುಜು ನನ್ನದು.

ಹೋದ ವಾರ ಇರಾನಿನ ಬಂದರ್ ಕೋಂಗ್‌ನ ಒಬ್ಬ ಮುದುಕ ನಾಖುದಾ ಬಂದಿದ್ದರು, ಸುಟ್ಟುಹೋದ ಒಂದು ವಾಷರ್ ಹಿಡಿದು. ಅಂಗೈಯಗಲದ ವಸ್ತು ಕಾಕಾ, ಎರಡು ಚಹಾದ ಬೆಲೆ. ಅರ್ಬಾಬ್ ಅವರನ್ನು ಮೂವತ್ತು ವರ್ಷದಿಂದ ಬಲ್ಲರು.

"ಕೊಡೋಕಾಗಲ್ಲ ನಾಖುದಾ" ಅಂದರು.

"ನಿನ್ನ ಮಗನ ಮದುವೆ ಕುರಿ ನನ್ನ ಲೆಂಜಲ್ಲೇ ಬಂದಿದ್ದು ಕಣಯ್ಯಾ" ಅಂದರು ಮುದುಕ.

"ಗೊತ್ತು. ಕುರಿಗೆ ಆಗ ಕಾಗದ ಕೇಳ್ತಿರಲಿಲ್ಲ."

ಮುದುಕ ವಾಷರನ್ನು ಜೇಬಿಗೆ ಹಾಕಿಕೊಂಡು ಹೊರಟರು. ಆಮೇಲೆ ಅರ್ಬಾಬ್ ನನ್ನತ್ತ ತಿರುಗಿ ಹೇಳಿದರು: "ಹುಡುಗಿ, ನಿನಗೂ ಹೇಳಿರ್ತೀನಿ. ನಿನ್ನ ಪಾಸ್‌ಪೋರ್ಟ್ ಆ ಕಡೇದು. ಒಂದು ಸುಳ್ಳು ರುಜು ಹಾಕಿದ್ರೆ ನನಗೆ ದಂಡ ಬೀಳುತ್ತೆ, ನಿನಗೆ ವೀಸಾನೇ ಹೋಗುತ್ತೆ. ಮತ್ತೆ ಈ ಊರಿಗೆ ಕಾಲಿಡೋಕೆ ಬಿಡಲ್ಲ."

ಇನ್ನೊಂದು ವಿಷಯ. ರಾಶೆದ್ ತನ್ನ ಲೆಂಜನ್ನು ಹೋದ ವರ್ಷವೇ ಮಾರಿ ಟ್ಯಾಕ್ಸಿ ತೆಗೆದುಕೊಂಡನಲ್ಲವೇ? ಟ್ಯಾಕ್ಸಿಗೆ ಆರು ಸಿಲಿಂಡರಿನ ಪಂಪು ಯಾಕೆ?

ನಸೀಬ್ ಹೇಗಿದೆ? ನೇರವಾಗಿ ಹೇಳಿ.

ನಿಮ್ಮ ಮೆಹ್ತಾಬ್


ಲಾಫ್ತ್
ಜುಲೈ ೨೪

ಪ್ರೀತಿಯ ಮಗಳೇ,

ರಾಶೆದ್ ದೊಡ್ಡ ಯೋಚನೆಯ ಮನುಷ್ಯ. ಟ್ಯಾಕ್ಸಿಯನ್ನು ನೀರಿಗಿಳಿಸುವ ಅಂದಾಜಿನಲ್ಲಿದ್ದಾನೆ. ಅವನ ಸುದ್ದಿ ಬಿಡು.

ನಸೀಬ್ ಆಡಿನ ಮರಿಯ ಹಾಗೆ ಕುಣಿಯುತ್ತಿದೆ. ಕಟ್ಟಿಹಾಕುವುದೇ ಕಷ್ಟ. ಈಗ ನಿಂತಿದೆ ಎಂದು ಯಾರಾದರೂ ಹೇಳಿದರೆ, ಅದು ಮೀನುಗಾರರ ಹೊಸ ವರ್ಷಕ್ಕೆ ನಿಂತದ್ದು. ಆ ದಿನ ಯಾರೂ ಕಡಲಿಗೆ ಇಳಿಯುವುದಿಲ್ಲ, ಮೀನು ತಿನ್ನುವುದಿಲ್ಲ, ನಿನಗೆ ಗೊತ್ತೇ ಇದೆ. ಬೆಳಿಗ್ಗೆ ಊರೆಲ್ಲ ನೀರಿಗೆ ಹೋಗಿ ಮಿಂದು ಬಂತು. ಕುರಿ, ಒಂಟೆ, ಕತ್ತೆಗಳಿಗೆಲ್ಲ ಕೆಮ್ಮಣ್ಣು ಬಳಿದರು. ನಾನು ನಸೀಬಿನ ಮೂತಿಗೂ ಒಂದು ಅಂಗೈ ಮುದ್ರೆ ಒತ್ತಿದೆ. ನೀನು ಚಿಕ್ಕವಳಿದ್ದಾಗ ಒತ್ತುತ್ತಿದ್ದೆಯಲ್ಲ, ಅದೇ ಜಾಗಕ್ಕೆ. ಈಗ ಆ ಜಾಗ ನನಗೆ ಸ್ವಲ್ಪ ಎತ್ತರವಾಗಿದೆ. ಲೆಂಜ್ ಬೆಳೆದಿರಬೇಕು.

ನಿನ್ನ ಕಾಕಿ ಭುಜದ ಮೇಲಿಂದ ಇಣುಕುತ್ತಿದ್ದಾಳೆ. ಅವಳಿಗೆ ಓದಲು ಬರುವುದಿಲ್ಲ. ಆದರೆ ನಾನು ಸುಳ್ಳು ಬರೆಯುವಾಗ ಪೆನ್ನು ಬೇಗ ಓಡುತ್ತದೆ ಎಂದು ಕಂಡುಹಿಡಿದಿದ್ದಾಳೆ.

"ಏನ್ ಬರೀತಿದೀರಿ ಅಷ್ಟು ಜೋರಾಗಿ?"

"ಹಬ್ಬದ ಸುದ್ದಿ."

"ಹಬ್ಬ ಮುಗಿದು ಎಷ್ಟು ದಿನ ಆಯ್ತು? ಲೆಂಜಿನ ಮೇಲೆ ಬೆಳ್ಳಕ್ಕಿ ಗೂಡು ಕಟ್ಟೋದೊಂದು ಬಾಕಿ. ಅದನ್ನೂ ಬರೀರಿ."

ಬರೆದಿದ್ದೇನೆ. ಬೆಳ್ಳಕ್ಕಿಗಳು ಕಡಲ ನೀರಿನಲ್ಲೇ ಬೇರೂರಿದ ನಮ್ಮ ಹರಾ ಕಾಡಿನವು. ಮರ ಯಾವುದು, ಲೆಂಜ್ ಯಾವುದು ಎಂಬ ಭೇದ ಅವಕ್ಕೆ ತಿಳಿಯದು.

ಆ ಕಾಗದದ ವಿಷಯ ಓದಿದೆ. ನಿನ್ನ ಅರ್ಬಾಬ್ ಒಳ್ಳೆಯವನು, ಅವನ ಮಾತು ಕೇಳು. ನಾನು ಏನಾದರೂ ಕೇಳಿದೆನೇ? ಕೇಳಲೇ ಇಲ್ಲ. ಬೆಲೆ ಕೇಳಿದೆ ಅಷ್ಟೇ. ಸಂತೆಯಲ್ಲಿ ಆನೆಯ ಬೆಲೆಯನ್ನೂ ಕೇಳುವವನು ನಾನು.

ಬಿಡುವಿಲ್ಲದ ನಾಖುದಾ,
ಕಾಕಾ ಶಂಬೆ


ದೇರಾ
ಆಗಸ್ಟ್ ೮

ಕಾಕಾ,

ಜಾಸೆಮ್‌ನಿಗೆ ಎರಡು ತಟ್ಟೆ ಅನ್ನ ಹಾಕಿದೆ. ಮೂರನೆಯದಕ್ಕೆ ಸೌಟು ಎತ್ತಿ ಹಿಡಿದು, "ಮೊದಲು ನಿಜ ಹೇಳು" ಎಂದೆ. ಹೇಳಿದ.

ನಸೀಬ್ ವಸಂತದಿಂದಲೂ ಲಾಫ್ತ್‌ನ ಕೆಸರಿನಲ್ಲಿ ವಾಲಿಕೊಂಡು ಬಿದ್ದಿದೆಯಂತೆ. ಪಂಪು ಸೋತಿದೆಯಂತೆ. ಇಲ್ಲಿ ದುಬೈ ಖಾರಿಯ ದಡದ ವ್ಯಾಪಾರಿಗಳೆಲ್ಲ ಮರದ ಲೆಂಜುಗಳನ್ನು ಹುಡುಕಿ ಹುಡುಕಿ ಸರಕು ಕೊಡುತ್ತಿರುವ ವರ್ಷದಲ್ಲಿ ನೀವು ಮಾತ್ರ ಜಗಲಿಯ ಮೇಲೆ ಹಗ್ಗ ಹೊಸೆಯುತ್ತಿದ್ದೀರಂತೆ. ನಿಮ್ಮ ಆರು ಜನ ಖಲಾಸಿಗಳಲ್ಲಿ ನಾಲ್ವರು ಬೇರೆ ಲೆಂಜ್ ಹತ್ತಿದ್ದಾರಂತೆ. ಹಾಜಿ ನಿಮ್ಮನ್ನು ಕ್ಯಾಪ್ಟನ್ ಎಂದದ್ದೂ ಸುಳ್ಳಂತೆ. ಅದೊಂದನ್ನಾದರೂ ನಾನು ನಂಬಿದ್ದೆ.

ಅಪ್ಪ ಹೋದಾಗ ನಾನು ಏಳರವಳು. ಒಂಬತ್ತಕ್ಕೆ ನನ್ನನ್ನು ಇಂಜಿನ್ ಕೋಣೆಗೆ ಇಳಿಸಿ, "ನಿನ್ನ ಕೈ ಸಣ್ಣದು, ಆ ಹಿಂದಿನ ನಟ್ಟು ತೆಗಿ ನೋಡೋಣ" ಎಂದವರು ನೀವು. ಊರಿನ ಹೆಂಗಸರು ಮಾತಾಡಿಕೊಂಡಾಗ, "ನಿಮ್ ಹುಡುಗೀರು ಸೂಜಿ ಹಿಡೀತಾರೆ, ನಮ್ ಹುಡುಗಿ ಸ್ಪಾನರ್ ಹಿಡೀತಾಳೆ, ಎರಡೂ ಕಬ್ಬಿಣವೇ" ಎಂದವರೂ ನೀವೇ. ಇವತ್ತು ನಾನು ಈ ಕೌಂಟರಿನಲ್ಲಿ ಕೂತು ಉಣ್ಣುತ್ತಿರುವ ಅನ್ನ ನಸೀಬಿನ ಹೊಟ್ಟೆಯಲ್ಲಿ ಕಲಿತದ್ದು.

ಒಂದು ಪಂಪು ತೆಗೆದಿಟ್ಟಿದ್ದೇನೆ. ದುಡ್ಡು ನನ್ನ ಸಂಬಳದಲ್ಲಿ ಕಟ್ಟಿದೆ. ಒಮಾನಿನ ಸೂರ್ ಬಂದರಿನ ಒಂದು ದೋಣಿಯ ಹೆಸರು ಬರೆದಿದ್ದೇನೆ. ರುಜು ಒಂದೇ ಬಾಕಿ. ಜಾಸೆಮ್ ಮುಂದಿನ ಸಲ ಬಂದ ದಿನ ಹಾಕುತ್ತೇನೆ. ಅಕ್ಕಿ ಚೀಲಗಳ ಕೆಳಗೆ ಬರುತ್ತದೆ. ಯಾರಿಗೂ ಗೊತ್ತಾಗುವುದಿಲ್ಲ.

ನನಗೆ ಏನೂ ಆಗುವುದಿಲ್ಲ ಕಾಕಾ.

ಮೆಹ್ತಾಬ್


ಲಾಫ್ತ್
ಆಗಸ್ಟ್ ೧೯

ಮೆಹ್ತಾಬ್,

ರುಜು ಹಾಕಬೇಡ.

ಆ ಪಂಪು ಈ ದಡಕ್ಕೆ ಬಂದರೆ ಪೆಟ್ಟಿಗೆಯ ಸಮೇತ ಎತ್ತಿ ಆಳಕ್ಕೆ ಎಸೆಯುತ್ತೇನೆ. ನಿಮ್ಮಪ್ಪನ ಆಣೆ. ನನ್ನ ಆಣೆಗೆ ಬೆಲೆ ಇಲ್ಲ ಎಂದು ನಿನಗೆ ಗೊತ್ತು, ಅದಕ್ಕೇ ಅವನದು.

ನಸೀಬಿನ ಹಲಗೆ ಕೊಳೆತರೆ ಬೇರೆ ಹಲಗೆ ಹೊಡೆಯುತ್ತೇನೆ. ನಿನ್ನ ಹೆಸರಿನಲ್ಲಿ ತೂತು ಬಿದ್ದರೆ ತುರುಕಲು ನನ್ನ ಹತ್ತಿರ ಹತ್ತಿ ಇಲ್ಲ.

ಈಗ ಇನ್ನೊಂದು ಸುದ್ದಿ, ಕೇಳಿ ಸಮಾಧಾನ ಮಾಡಿಕೊ. ನಿನ್ನ ಕಾಗದ ಬಂದ ಬೆಳಿಗ್ಗೆಯೇ ಬಂದರ್ ಅಬ್ಬಾಸಿಗೆ ಹೋಗಿ ಪಂಪು ಕೊಂಡು ತಂದೆ. ಹೊಚ್ಚ ಹೊಸದು, ಮೊಹರು ಒಡೆಯದ ಪೆಟ್ಟಿಗೆ. ಮೂರು ಬುಟ್ಟಿ ಸೀಗಡಿಯ ಬೆಲೆ ಅಂದುಕೊ. ಇಲ್ಲೇ ನನ್ನ ಪಕ್ಕದಲ್ಲಿದೆ. ಹಾಗಾಗಿ ನಿನ್ನದು ಬೇಡ. ನಮಗೆ ಒಂದು ಲೆಂಜ್, ಅದಕ್ಕೆ ಒಂದು ಇಂಜಿನ್, ಎರಡು ಪಂಪು ಇಟ್ಟುಕೊಂಡು ಉಪ್ಪಿನಕಾಯಿ ಹಾಕಲೇ?

ಹಾಕಬೇಡ. ತಿಳಿಯಿತೇ?

ಕಾಕಾ


ದೇರಾ
ಸೆಪ್ಟೆಂಬರ್ ೨೬

ಪ್ರೀತಿಯ ಕಾಕಾ,

ಹಾಕಲಿಲ್ಲ.

ನಿಮ್ಮ ಕಾಗದದಲ್ಲಿ ಒಂದೂ ಬಡಾಯಿ ಇರಲಿಲ್ಲ ನೋಡಿ, ಅದಕ್ಕೆ ಹೆದರಿಕೆಯಾಯಿತು. ಸೀಗಡಿಯ ಒಂದು ಮಾತು ಬಿಟ್ಟರೆ ಬೇರೆ ಯಾರೋ ಬರೆದ ಹಾಗಿತ್ತು. ಪಂಪನ್ನು ಮತ್ತೆ ಅಟ್ಟಕ್ಕೇರಿಸಿದೆ. ಅರ್ಬಾಬ್ ದುಡ್ಡು ಎಣಿಸಿ ಹಿಂದಕ್ಕೆ ಕೊಟ್ಟರು. "ಒಳ್ಳೇದಾಯ್ತು" ಎಂದರು. ಅವರಿಗೆ ಮೊದಲೇ ಗೊತ್ತಿತ್ತೋ ಏನೋ.

ಈ ತಿಂಗಳು ನಮ್ಮ ಬೀದಿಗೆ ತಪಾಸಣೆಯವರು ಬಂದರು. ನನ್ನ ಕಾಗದಗಳ ಕಟ್ಟು ತೆಗೆದು ದೋಣಿ ದೋಣಿಗೆ ಫೋನ್ ಹಚ್ಚಿ ಕೇಳಿದರು. ಬೇರೆ ದೋಣಿಗಳಿಗಾಗಿ ಸೂರ್ ಬಂದರಿಗೂ ಹಚ್ಚಿದರು; ನಾನು ಬರೆದಿದ್ದ ಸುಳ್ಳು ಹಾಳೆಯನ್ನು ಅಷ್ಟರಲ್ಲೇ ಹರಿದುಹಾಕಿದ್ದೆ. ಎದುರಿನ ಅಂಗಡಿಯ ಇಸ್ಮಾಯಿಲ್, ನನಗೆ ದಿನಾ ಸಂಬೂಸೆ ತಂದುಕೊಡುತ್ತಿದ್ದನಲ್ಲ, ಅವನದು ಒಂದು ರುಜು ಸುಳ್ಳು ಎಂದು ಗೊತ್ತಾಯಿತು. ಮರುದಿನ ಅವನ ಕುರ್ಚಿಯ ಮೇಲೆ ಬೇರೆಯವನು ಕೂತಿದ್ದ. ಇಸ್ಮಾಯಿಲ್‌ನ ಚಹಾ ಲೋಟ ಇನ್ನೂ ಕಿಟಕಿಯಲ್ಲೇ ಇದೆ.

ಆ ರಾತ್ರಿ ನಿಮ್ಮ ಕಾಗದವನ್ನು ದಿಂಬಿನ ಕೆಳಗಿಟ್ಟುಕೊಂಡು ಮಲಗಿದೆ.

ಆದರೆ ಕಾಕಾ, ಪಂಪು ಬಂದು ಇಷ್ಟು ದಿನವಾಯಿತು, ನಸೀಬ್ ಯಾಕೆ ಖಾರಿಗೆ ಬಂದಿಲ್ಲ? ಜಾಸೆಮ್‌ನನ್ನು ಕೇಳಿದರೆ ಮೂರು ತಟ್ಟೆ ತಿಂದು ಸೂರು ನೋಡಿದ. ಆ ಪಂಪು ನೋಡಲು ಹೇಗಿದೆ, ಸರಿಯಾಗಿ ಬರೆಯಿರಿ. ಬಣ್ಣ ಯಾವುದು? ಹೆಸರಿನ ತಗಡು ಮೊಳೆ ಹೊಡೆದದ್ದೋ, ಅಂಟಿಸಿದ್ದೋ? ಎಷ್ಟು ಕೊಟ್ಟಿರಿ?

ನಿಮ್ಮ ಮೆಹ್ತಾಬ್


ಲಾಫ್ತ್
ಅಕ್ಟೋಬರ್ ೧೪

ಪ್ರೀತಿಯ ಮಗಳೇ,

ಬಣ್ಣ ನೀಲಿ. ಎಂಥ ನೀಲಿ ಅಂದರೆ ಬೆಳ್ಳಕ್ಕಿ ಅದರಲ್ಲಿ ಮುಖ ನೋಡಿಕೊಂಡಿತು. ತಗಡು ಅಂಟಿಸಿದ್ದು. ಉಗುರು ತಾಗಿಸಿದರೆ ಎದ್ದು ಬಂತು.

ನೀನು ಈಗ ನಗುತ್ತಿದ್ದೀಯ. ನಗು. ಆಮೇಲೆ ಬೈ.

ನಡೆದದ್ದು ಹೀಗೆ. ಬಂದರ್ ಅಬ್ಬಾಸಿನಲ್ಲಿ ಒಬ್ಬ ದಲ್ಲಾಳಿ, ಮುಂದಿನ ಎರಡು ಹಲ್ಲಿಗೆ ಚಿನ್ನ ಕಟ್ಟಿಸಿಕೊಂಡವನು. ನಿರ್ಬಂಧ ಬಂದಮೇಲೆ ಹುಟ್ಟಿದ ಜಾತಿ ಇದು. ಕೆಟ್ಟ ಇಂಜಿನ್ ಇರುವಲ್ಲಿಗೆ ನೊಣದ ಹಾಗೆ ಬರುತ್ತಾರೆ. ನಮ್ಮ ದುಡ್ಡು ತೋಮಾನಿನ ಬೆಲೆ ದಿನಾ ಇಳಿಯುತ್ತಿದೆ. "ಬೆಳಿಗ್ಗೆ ಹೇಳಿದ ರೇಟು ಮಧ್ಯಾಹ್ನ ಇರಲ್ಲ ನಾಖುದಾ, ಬೇಕಾದ್ರೆ ಈಗಲೇ" ಅಂದ. ನೀನು ಯಾವ ಗಳಿಗೆಯಲ್ಲಿ ರುಜು ಹಾಕಿಬಿಡುತ್ತೀಯೋ ಎಂದು ನನಗೆ ಒಳಗೇ ಬೆಂಕಿ. ಚಹಾ ಕುಡಿದೆವು, ಕೈ ಹಿಡಿದೆವು, ಮುಗಿಯಿತು.

"ಬಿಚ್ಚಿ ನೋಡ್ತೀರಾ?" ಅಂತ ಅವನೇ ಕೇಳಿದ, ನೋಡು. ಕಳ್ಳ!

ನಾನು ಎದೆ ಉಬ್ಬಿಸಿಕೊಂಡು, "ನಾಖುದಾ ಶಂಬೆ ಜನ್ಮದಲ್ಲಿ ಒಂದು ಪೆಟ್ಟಿಗೆ ಬಿಚ್ಚಿ ನೋಡಿದವನಲ್ಲ" ಅಂದೆ.

ಅದು ನಿಜವೂ ಹೌದು. ನಾವು ಸಾಗಿಸುವ ಜನ. ಸಾಹುಕಾರ ಕಟ್ಟಿಕೊಟ್ಟ ಪೆಟ್ಟಿಗೆ ಹೇಗಿತ್ತೋ ಹಾಗೇ ಆಚೆ ದಡ ಮುಟ್ಟಬೇಕು. ಅದರಲ್ಲಿ ಮುತ್ತಿದೆಯೋ ಮೂಲಂಗಿ ಇದೆಯೋ ಕೇಳಬಾರದು. ನಿಮ್ಮಪ್ಪ ನನಗೆ ಮೊದಲು ಕಲಿಸಿದ ಪಾಠವೇ ಅದು. ಆ ಅಭ್ಯಾಸ ಎಲುಬಿನೊಳಗೆ ಹೋಗಿಬಿಟ್ಟಿದೆ. ಮನೆಗೆ ತಂದಮೇಲೂ ಎರಡು ದಿನ ಅದನ್ನು ಬಿಚ್ಚದೆ ಕಾಯುತ್ತಾ ಕೂತಿದ್ದೆ.

"ಯಾರದ್ರೀ ಅದು ಪೆಟ್ಟಿಗೆ?" ಅಂತ ಕಾಕಿ ಕೇಳಿದಳು.

"ನಮ್ಮದೇ."

"ಮತ್ತೆ ಬೇರೆಯವ್ರ ಮಗು ಕಾಯೋ ಹಾಗೆ ಯಾಕೆ ಕೂತಿದೀರಿ? ಬಿಚ್ಚಿ."

ಬಿಚ್ಚಿದೆ. ಹಾಕಿದೆ. ಇಂಜಿನ್ ಹೊತ್ತಿಕೊಂಡಿತು! ನಾನು ಚುಕ್ಕಾಣಿ ಹಿಡಿದು ದಡದಲ್ಲಿದ್ದವರಿಗೆಲ್ಲ ಕೈ ಬೀಸಿದೆ. ಹರಾ ಕಾಡಿನ ಕೊನೆಯ ಮರ ದಾಟುವಷ್ಟರಲ್ಲಿ ಒಳಗೆ ಏನೋ ಟಕ್ ಅಂತು, ಆಮೇಲೆ ನಿಶ್ಶಬ್ದ. ಊರಿನ ಮನೆಗಳ ಮೇಲಿನ ಗಾಳಿ ಹಿಡಿಯುವ ಗೋಪುರಗಳು ಇನ್ನೂ ಕಣ್ಣಿಗೆ ಕಾಣುತ್ತಿದ್ದವು. ಅಂದರೆ ಊರಿಗೂ ನಾನು ಕಾಣುತ್ತಿದ್ದೆ. ಏಡಿ ಹಿಡಿಯುವವನೊಬ್ಬ ತನ್ನ ಪುಟ್ಟ ದೋಣಿಗೆ ನಸೀಬನ್ನು ಕಟ್ಟಿಕೊಂಡು, ಎಮ್ಮೆಯನ್ನು ಇರುವೆ ಎಳೆದ ಹಾಗೆ, ದಡಕ್ಕೆ ಎಳೆದು ತಂದ. "ಕಾಕಾ, ಹೊಸ ಪಂಪು ಬಲೇ ಜೋರು" ಅಂದ. ಅವನ ಬಾಯಿಗೆ ಮಣ್ಣು ಹಾಕ. ಸಂಜೆಗೆ ಒಂದು ಬುಟ್ಟಿ ಏಡಿಯನ್ನೂ ಕೊಟ್ಟ, ಪಾಪ.

ಎಷ್ಟು ಕೊಟ್ಟೆ ಎಂದೆಯಲ್ಲ. ಹತ್ತು ಲಕ್ಷ ತೋಮಾನ್. ಹೋಗಲಿ ಬಿಡು, ಏಳು ಸಮುದ್ರದ ನಾಖುದಾನಿಗೆ ಅದೊಂದು ದುಡ್ಡೇ?

ಗೂರಾನಿನ ಬಡಗಿ ನಸೀಬಿನ ತೇಗದ ಹಲಗೆಗಳನ್ನು ಕೇಳುತ್ತಿದ್ದಾನೆ, ಒಡೆದು ಒಯ್ಯಲು. ಚಳಿಗಾಲದೊಳಗೆ ಹೇಳಿ ಎಂದಿದ್ದಾನೆ. ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ.

ದಡದಲ್ಲಿರುವ,
ಕಾಕಾ ಶಂಬೆ


ದೇರಾ
ಅಕ್ಟೋಬರ್ ೨೫

ಕಾಕಾ,

ಬಡಗಿಗೆ ಉಹೂಂ ಅನ್ನಿ. ಇವತ್ತೇ ಅನ್ನಿ.

ಹತ್ತು ಲಕ್ಷ ಎಂಬುದನ್ನು ನಾನು ನಂಬಿಲ್ಲ. ಅದನ್ನು ಆಮೇಲೆ ವಿಚಾರಿಸಿಕೊಳ್ಳುತ್ತೇನೆ. ಮೊದಲು ಹೇಳಿ, ಹಳೇ ಪಂಪು ಎಲ್ಲಿದೆ? ಎಸೆದಿರಲಾರಿರಿ. ಹರಿದ ಚಪ್ಪಲಿಯನ್ನೂ ಎಸೆಯದವರು ನೀವು.

ನನ್ನ ಕೈಯಿಂದ ಒಂದು ವಾಷರ್ ಕೂಡ ಆ ದಡಕ್ಕೆ ಬರುವಂತಿಲ್ಲ, ಸರಿ. ಅರ್ಬಾಬನ್ನು ಕೇಳಿದೆ: "ನಮ್ಮ ಕಾಕಾಗೆ ಕಾಗದ ಬರೀಬಹುದಾ?" "ಕ್ಷೇಮ ಸಮಾಚಾರ ಬರಿಯೋಕೆ ನನ್ನನ್ನೇನು ಕೇಳ್ತೀಯ" ಅಂದರು. ಇಂಜಿನ್ನಿನ ಕ್ಷೇಮವೂ ಕ್ಷೇಮವೇ ಅಲ್ಲವೇ? ಹಾಗಾಗಿ ಇದು ಕ್ಷೇಮ ಸಮಾಚಾರ.

ಎರಡು ಪಂಪುಗಳನ್ನೂ ಪಕ್ಕಪಕ್ಕ ಇಟ್ಟುಕೊಳ್ಳಿ. ಬಿಚ್ಚುವ ಮೊದಲು ಹಲ್ಲುಗಾಲಿ ಎಲ್ಲಿ ಕಚ್ಚಿಕೊಂಡಿದೆಯೋ ಅಲ್ಲಿ ಮೊಳೆಯಿಂದ ಗೀರು ಹಾಕಿ. ಹೋದ ಸಲ ಮರೆತು ನನ್ನನ್ನು ಬೈದಿದ್ದಿರಿ. ಒಳಗೆ ಆರು ಉಕ್ಕಿನ ಕಡ್ಡಿಗಳಿವೆ, ನೆನಪಿದೆಯಲ್ಲ? ಪ್ರತಿಯೊಂದಕ್ಕೂ ಅದರದೇ ಗೂಡು. ಒಂದರ ಕಡ್ಡಿಯನ್ನು ಇನ್ನೊಂದರ ಗೂಡಿಗೆ ಹಾಕಲೇಬಾರದು. ತೆಗೆದ ಹಾಗೇ ಜೋಡಿ ಜೋಡಿಯಾಗಿ, ಶುದ್ಧ ಡೀಸೆಲ್ ತುಂಬಿದ ಬೇರೆ ಬೇರೆ ಲೋಟದಲ್ಲಿ ಇಡಿ. ಅರಿವೆಯಿಂದ ಒರೆಸಬೇಡಿ, ಒಂದು ನೂಲೆಳೆ ಸಿಕ್ಕಿಕೊಂಡರೂ ಕೆಟ್ಟಿತು.

ಈಗ ಒಂದೊಂದನ್ನೇ ಪರೀಕ್ಷೆ ಮಾಡಿ. ಡೀಸೆಲಿನಲ್ಲಿ ಅದ್ದಿ, ಗೂಡನ್ನು ಓರೆಯಾಗಿ ಹಿಡಿದು ಕಡ್ಡಿಯನ್ನು ಬಿಡಿ. ನಿದ್ದೆ ಬಂದವರ ರೆಪ್ಪೆಯ ಹಾಗೆ ಮೆಲ್ಲಗೆ ಜಾರಿದರೆ ಅದು ಒಳ್ಳೆಯದು. ಟಪ್ಪನೆ ಬಿದ್ದರೆ ಸವೆದದ್ದು. ಕಳ್ಳ ಪಂಪಿನ ಮೈ ಹಳೆಯದಿರಬಹುದು, ಟಕ್ ಅಂದದ್ದು ಒಳಗಿನ ದಂಡ ಮುರಿದದ್ದಿರಬೇಕು. ಆದರೆ ಅದರ ಕಡ್ಡಿಗಳೆಲ್ಲ ಕೆಟ್ಟಿರಲಾರವು. ನಮ್ಮ ಹಳೆಯದರ ಮೈ ಗಟ್ಟಿ, ಕಡ್ಡಿ ಸೋತಿವೆ. ಎರಡರಿಂದ ಆರು ಒಳ್ಳೆಯ ಜೋಡಿ ಸಿಕ್ಕರೆ ಹಳೇ ಮೈಗೆ ಹಾಕಿ. ಇಂಜಿನ್ ಒರಟಾಗಿ ಓಡುತ್ತದೆ. ಆದರೆ ಓಡುತ್ತದೆ.

ಉಳಿದ ಎರಡು ಹಾಳೆಯಲ್ಲಿ ಚಿತ್ರ ಬರೆದಿದ್ದೇನೆ. ಇನ್ನೊಂದು ಮಾತು: ಇದನ್ನು ನೀವು ಮಾಡಬೇಡಿ. ನಿಮ್ಮ ಬೆರಳು ಈಗ ನಡುಗುತ್ತವೆ, ಇಲ್ಲ ಎನ್ನಬೇಡಿ, ಅಕ್ಷರ ನೋಡಿದರೆ ಗೊತ್ತಾಗುತ್ತದೆ. ನೀವು ಓದಿ ಹೇಳಿ. ಕೈ ಕಾಕಿಯದಿರಲಿ.

ಮೆಹ್ತಾಬ್


ಲಾಫ್ತ್‌ನಲ್ಲಿ ಅಲ್ಲ
ನವೆಂಬರ್ ೨೧

ಪ್ರೀತಿಯ ಮಗಳೇ,

ಈ ಕಾಗದ ಕಡಲು ದಾಟಿ ಬಂದದ್ದಲ್ಲ. ಜಾಸೆಮ್ ಕೈಯಲ್ಲಿ ರಸ್ತೆ ದಾಟಿ ಬಂದದ್ದು. ನಿನ್ನ ಅಂಗಡಿಯ ಬಾಗಿಲಿನಿಂದ ಖಾರಿಯ ಕಡೆ ನೋಡಿದರೆ ಸಾಲಾಗಿ ಕಟ್ಟಿದ ಲೆಂಜುಗಳಲ್ಲಿ ಒಂದರ ಮೂತಿಗೆ ಕೆಮ್ಮಣ್ಣಿನ ಅಂಗೈ ಮುದ್ರೆ ಕಾಣುತ್ತದೆ. ಅದರ ಪಕ್ಕದಲ್ಲಿ ಹೊಗೆಯ ನಡುವೆ ನಿಂತಿರುವ ಸುಂದರ ಪುರುಷ ನಾನೇ. ಜಾಸೆಮ್ ಹತ್ತಿರ ಇರುವಂಥ ಹೊರಗೆ ಹೋಗುವ ಚೀಟಿ ನನಗಿನ್ನೂ ಇಲ್ಲ, ಲೆಂಜ್ ಕಟ್ಟುವ ಧಕ್ಕೆ ಬಿಟ್ಟು ಆಚೆ ಬರುವಂತಿಲ್ಲ ಎನ್ನುತ್ತಾರೆ ಕಾವಲಿನವರು. ಮಧ್ಯಾಹ್ನ ಊಟದ ಹೊತ್ತಿಗೆ ನೀನೇ ಬಾ.

ನಿನ್ನ ಕ್ಷೇಮ ಸಮಾಚಾರವನ್ನು ನಾನು ಗಟ್ಟಿಯಾಗಿ ಓದಿದೆ. ನಿನ್ನ ಕಾಕಿ ಮುಖದ ಬುರ್ಖೆಯನ್ನು ಹಣೆಗೇರಿಸಿಕೊಂಡು, ಜರಿ ಕಸೂತಿಗೆ ಕೂರುವ ಹಾಗೆ ಚಾಪೆಯ ಮೇಲೆ ಕೂತಳು. ಹನ್ನೆರಡು ಚಹಾ ಲೋಟಗಳಲ್ಲಿ ಡೀಸೆಲ್. ಆ ದಿನ ಮನೆಗೆ ಬಂದವರಿಗೆಲ್ಲ ಬರೀ ಮಾತು, ಚಹಾ ಇಲ್ಲ.

"ಇದು ಬಿತ್ತು."

"ಹೇಗೆ ಬಿತ್ತು? ಟಪ್ಪಂತಾನೋ, ರೆಪ್ಪೆ ಹಾಗೋ?"

"ನೀವು ಮಧ್ಯಾಹ್ನ ಊಟ ಆದ್ಮೇಲೆ ಬೀಳೋ ಹಾಗೆ."

"ಹಾಗಿದ್ರೆ ಸವೆದಿದೆ. ಆಚೆ ಇಡು."

ನಮ್ಮದರಲ್ಲಿ ಎರಡು, ಕಳ್ಳನದರಲ್ಲಿ ನಾಲ್ಕು. ಆರಕ್ಕೆ ಆರು! ಇನ್ನೊಂದು ಸವೆದಿದ್ದರೂ ನಸೀಬ್ ಇವತ್ತು ಗೂರಾನಿನಲ್ಲಿ ಕಿಟಕಿ ಬಾಗಿಲು ಆಗಿರುತ್ತಿತ್ತು. ಇಂಜಿನ್ ಹತ್ತಿಕೊಂಡಾಗ ಮೊದಲು ಕರೀ ಹೊಗೆ, ಆಮೇಲೆ ಮುದುಕನ ಹಾಗೆ ಕೆಮ್ಮು, ಆಮೇಲೆ ತನ್ನಷ್ಟಕ್ಕೆ ಗೊಣಗಿಕೊಂಡು ಓಡತೊಡಗಿತು. ಒಬ್ಬೊಬ್ಬರಾಗಿ ಮೂವರು ಖಲಾಸಿಗಳು ಮರಳಿ ಬಂದು, ಏನೂ ಆಗಿಲ್ಲವೆಂಬಂತೆ ಹಗ್ಗ ಸುತ್ತತೊಡಗಿದರು. ನಾನೂ ಹಗ್ಗದ ಇನ್ನೊಂದು ತುದಿ ಹಿಡಿದುಕೊಂಡೆ. ಹಾಜಿಯ ಒಣಹಣ್ಣು ಹೇರಿಕೊಂಡು ಬಂದಿದ್ದೇನೆ. ಅವನು ನನ್ನನ್ನು ಕ್ಯಾಪ್ಟನ್ ಅನ್ನಲಿಲ್ಲ. "ಶಂಬೆ, ದಾರೀಲಿ ನಿಂತುಬಿಟ್ಟೀಯ" ಅಂದ. ನಿಲ್ಲಲಿಲ್ಲ.

ಊರಿನಲ್ಲಿ ಮಾತ್ರ ಪಂಪು ಕಟ್ಟಿದವಳು ನಿನ್ನ ಕಾಕಿ ಎಂದು ಸುದ್ದಿಯಾಗಿಬಿಟ್ಟಿದೆ. ಎರಡು ಲೆಂಜಿನವರು ಅವಳನ್ನು ಕೇಳಿಕೊಂಡು ಬಂದಿದ್ದರು. ನನ್ನನ್ನು ನೋಡಿ, "ಉಸ್ತಾದ್ ಮನೇಲಿದಾರಾ?" ಅಂದರು.

ಇನ್ನು, ನೀನು ಕೇಳುತ್ತಲೇ ಇರುವ ಆ ಪ್ರಶ್ನೆ. ಎದುರಿಗೆ ಕೇಳಿದರೆ ಮತ್ತೆ ಯಾವುದಾದರೂ ಮಂತ್ರಿಯನ್ನು ಚಹಾಕ್ಕೆ ಕರೆದುಬಿಡುತ್ತೇನೆ, ನನಗೆ ನನ್ನ ಮೇಲೆ ನಂಬಿಕೆ ಇಲ್ಲ. ಅದಕ್ಕೇ ನೀನು ಇಷ್ಟು ಹತ್ತಿರದಲ್ಲಿದ್ದರೂ ಬರೆಯುತ್ತಿದ್ದೇನೆ. ಬೈಯುವುದಿದ್ದರೆ ರಸ್ತೆ ದಾಟುವಾಗಲೇ ಬೈದು ಮುಗಿಸಿಕೊಂಡು ಬಾ.

ಪಂಪಿಗೆ ಕೊಟ್ಟ ದುಡ್ಡು ಹಜ್‌ಗೆಂದು ಇಬ್ಬರೂ ಕೂಡಿಟ್ಟದ್ದು. ಆ ಬೆಳಿಗ್ಗೆ ನಾನು ಗೋಧಿ ಕಣಜದಿಂದ ಗಂಟು ತೆಗೆಯುವಾಗ ಕಾಕಿ ಬಾಗಿಲಲ್ಲಿ ನಿಂತಿದ್ದಳು. ತಡೆಯುತ್ತಾಳೆ ಎಂದುಕೊಂಡೆ. "ಮೆಕ್ಕಾ ಎಲ್ಲೂ ಓಡಿ ಹೋಗಲ್ಲ. ಹುಡುಗಿ ರುಜು ಹಾಕೋದ್ರೊಳಗೆ ಹೋಗಿ ಬನ್ನಿ" ಅಂದಳು. ಗಂಟಿನ ಬಾಯಿ ಕಟ್ಟಿಕೊಟ್ಟವಳೂ ಅವಳೇ. ಹಾಗಾಗಿ ನನ್ನನ್ನು ಬಿಟ್ಟರೆ ಲೆಕ್ಕ ಗೊತ್ತಿದ್ದವರು ಇಬ್ಬರೇ, ಅವಳು ಮತ್ತು ಮೇಲಿನವನು. ಇಬ್ಬರೂ ಇಲ್ಲಿಯವರೆಗೆ ಬಾಯಿ ಬಿಟ್ಟಿಲ್ಲ.

ಮೂರು ಬುಟ್ಟಿ ಸೀಗಡಿ ಅಲ್ಲ. ಹತ್ತು ಲಕ್ಷವೂ ಅಲ್ಲ. ಒಂದು ಕೋಟಿ ನಲವತ್ತು ಲಕ್ಷ ತೋಮಾನ್.

ನಿನ್ನ ಕಾಕಾ